ಸೀಟಿ ಊದಿರಲಿಲ್ಲ

2022ರ ಜೂನ್ 5ರ ಭಾನುವಾರ ರಾತ್ರಿ, ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮಳೆ ಹನಿಯುತ್ತಿದ್ದಾಗ ಇಲ್ಲಿ ದಾವಣಗೆರೆಯ ನಮ್ಮ ಪಡಸಾಲೆಯಲ್ಲಿ ಅಕ್ಕನ ಮಗ ಟಿವಿಗೆ ಮೂರಡಿ ದೂರದಲ್ಲಿ ನೆಲದ ಮೇಲೆ ಕುಳಿತಿದ್ದ. ವೇಲ್ಸ್ ಮತ್ತು ಉಕ್ರೇನ್ ನಡುವಿನ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಪಂದ್ಯ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಉಕ್ರೇನಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ವೇಲ್ಸ್ ಆಟಗಾರರು ಸಜ್ಜಾಗುವುದರೊಳಗೆ ಒಲೆಕ್ಸಾಂಡರ್ ಜಿಂಚೆಂಕೊ ಚೆಂಡನ್ನು ನೇರವಾಗಿ ಬಲೆಗೆ ಸೇರಿಸಿಬಿಟ್ಟ. ಹುಡುಗ ಕೂಗಿಕೊಂಡು ಎದ್ದು ನಿಂತ. ಆದರೆ ರೆಫರಿ ಒಪ್ಪಲಿಲ್ಲ. ತಾನು ಸೀಟಿ ಊದುವ ಮೊದಲೇ ಒದ್ದದ್ದರಿಂದ ಗೋಲು ಸಲ್ಲದು, ಮತ್ತೆ ಒದೆಯಬೇಕು ಎಂದುಬಿಟ್ಟರು.

"ಸೀಟಿ ಊದಿರಲಿಲ್ಲ ಕಣೋ. ನಿಯಮ ಅಂದಮೇಲೆ ನಿಯಮ" ಎಂದೆ.

"ಕೊಡಬಹುದಿತ್ತು ಮಾವ" ಎಂದ ಅವನು, ನನ್ನ ಕಡೆ ತಿರುಗದೆ.

ಮತ್ತೆ ಒದ್ದಾಗ ಗೋಲಾಗಲಿಲ್ಲ. ಆ ವಾರವಿಡೀ ನನ್ನ ಕಿವಿಯಲ್ಲಿ ಉಳಿದದ್ದು ಆ ಎರಡು ಮಾತು.

ಅವನು ಉಕ್ರೇನಿನ ಹಾರ್ಕಿವ್‌ನಲ್ಲಿ ವೈದ್ಯಕೀಯ ನಾಲ್ಕನೆಯ ವರ್ಷ ಓದುತ್ತಿದ್ದವನು. ರಷ್ಯಾ ದಾಳಿ ಶುರುವಾದ ಮೇಲೆ, ಮಾರ್ಚ್ ಮೊದಲ ವಾರ ನಡೆದು, ರೈಲಿನಲ್ಲಿ ನಿಂತು, ಪೋಲೆಂಡ್ ಗಡಿ ದಾಟಿ ಬಂದ. ಬಂದಾಗಿನಿಂದ ಹೆಚ್ಚು ಮಾತಿಲ್ಲ. ನಮ್ಮ ಭಾವ ಒಳ್ಳೆಯ ಮನುಷ್ಯರೇ, ಆದರೆ ಫೀಸಿನ ಲೆಕ್ಕವನ್ನು ಮಗನ ಊಟದ ಹೊತ್ತಿನಲ್ಲೇ ತೆಗೆಯುವ ಅಭ್ಯಾಸ ಅವರಿಗಿದೆ; ಆದ್ದರಿಂದ ಹುಡುಗ ಈಗ ಹೆಚ್ಚಾಗಿ ನಮ್ಮ ಮನೆಯಲ್ಲೇ ಇರುತ್ತಾನೆ. ಮಾತಾಡಿದರೆ ಜಿಂಚೆಂಕೊ ವಿಷಯ ಮಾತಾಡುತ್ತಾನೆ. ಮಾರ್ಚ್ 1ರಂದು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ನಾಯಕ ಫರ್ನಾಂಡಿನ್ಯೋ ತನ್ನ ತೋಳುಪಟ್ಟಿಯನ್ನು ಜಿಂಚೆಂಕೊಗೆ ಬಿಟ್ಟುಕೊಟ್ಟದ್ದನ್ನು ಅವನು ಎಷ್ಟೋ ಸಲ ಹೇಳಿದ್ದಾನೆ. ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ನಮ್ಮ ನಾಡಿನ ಒಬ್ಬ ವಿದ್ಯಾರ್ಥಿ ಬಲಿಯಾದದ್ದೂ ಅದೇ ದಿನ. ಅದನ್ನು ಅವನು ಒಮ್ಮೆಯೂ ಹೇಳುವುದಿಲ್ಲ.

ರಾದೊಮಿಶ್ಲ್ ಎಂಬ ಸಣ್ಣ ಊರಿನಲ್ಲಿ 1996ರಲ್ಲಿ ಹುಟ್ಟಿದ ಜಿಂಚೆಂಕೊ, ಡೊನೆಟ್‌ಸ್ಕ್‌ನ ಶಾಖ್ತಾರ್ ಕ್ಲಬ್ಬಿನಲ್ಲಿ ಆಟ ಕಲಿಯುತ್ತಿದ್ದಾಗಲೇ, 2014ರಲ್ಲಿ, ಯುದ್ಧ ಆ ನಗರಕ್ಕೆ ಬಂತು. ಊರು ಬಿಟ್ಟು ಹೋಗಿ ರಷ್ಯಾದ ಉಫಾ ತಂಡಕ್ಕೆ ಆಡಿದ. 2016ರಲ್ಲಿ ಸಿಟಿ ಅವನನ್ನು ಕೊಂಡು, ಮೊದಲ ವರ್ಷ ನೆದರ್ಲೆಂಡ್ಸ್‌ನ ಪಿಎಸ್‌ವಿ ತಂಡಕ್ಕೆ ಎರವಲು ಕೊಟ್ಟಿತು. ಅವನು ಮಿಡ್‌ಫೀಲ್ಡರ್. ಎಡಬದಿಯಲ್ಲಿ ಆಡುತ್ತಿದ್ದ ಮೆಂಡಿ ಗಾಯಗೊಂಡಾಗ ತರಬೇತುದಾರ ಗಾರ್ಡಿಯೋಲಾ ಅವನನ್ನು ಎಡಬದಿಯ ಡಿಫೆಂಡರ್ ಮಾಡಿದರು. ತನ್ನದಲ್ಲದ ಜಾಗದಲ್ಲಿ ಆಡಿಯೇ ಅವನು ನಾಲ್ಕು ಬಾರಿ ಪ್ರೀಮಿಯರ್ ಲೀಗ್ ಗೆದ್ದ ತಂಡದಲ್ಲಿದ್ದ. ಕಾರ್ಡಿಫ್ ಪಂದ್ಯಕ್ಕೆ ಎರಡು ವಾರ ಮೊದಲು, ಮೇ 22ರಂದು, ಆಸ್ಟನ್ ವಿಲ್ಲಾ ವಿರುದ್ಧ ಅರ್ಧ ಆಟಕ್ಕೆ ಇಳಿದು, 0-2ರಿಂದ 3-2ಕ್ಕೆ ತಿರುಗಿದ ಆ ಪಂದ್ಯದಲ್ಲಿ ರೋಡ್ರಿಗೆ ಸಮಬಲದ ಗೋಲಿನ ಚೆಂಡನ್ನು ಒದಗಿಸಿದವನು ಅವನೇ. ಆಮೇಲೆ ಟ್ರೋಫಿಗೆ ನೀಲಿ-ಹಳದಿ ಬಾವುಟ ಹೊದಿಸಿ ಅತ್ತ. ಒಂದೇ ಪೀಳಿಗೆಗೆ ಎರಡು ಸಲ ಊರು ಕಳೆದುಕೊಳ್ಳುವುದೆಂದರೆ ಏನೆಂದು ಆ ಅಳುವನ್ನು ನೋಡಿದಾಗ ನನಗೆ ಸ್ವಲ್ಪ ಅರ್ಥವಾಯಿತು.

ದೇಶದ ಅಂಗಿಯಲ್ಲಿ ಮಾತ್ರ ಅವನು ತನ್ನ ಜಾಗದಲ್ಲಿ, ಮೈದಾನದ ನಡುವೆ ಆಡುತ್ತಿದ್ದ. ಜೂನ್ 1ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡನ್ನು 3-1ರಿಂದ ಸೋಲಿಸುವ ಹಿಂದಿನ ದಿನ ಪತ್ರಕರ್ತರ ಎದುರು ಅವನು ಮಾತಿನ ನಡುವೆ ಕಣ್ಣೀರು ಹಾಕಿದ. ಏನಾಗುತ್ತಿದೆ ಎಂದೇ ತಿಳಿಯದ ಮಕ್ಕಳಿಗೂ ಇರುವ ಕನಸು ಯುದ್ಧ ನಿಲ್ಲಲಿ ಎಂಬುದೊಂದೇ ಎಂದ. ಆ ತುಣುಕನ್ನು ಹುಡುಗ ಫೋನಿನಲ್ಲಿ ಇಟ್ಟುಕೊಂಡಿದ್ದಾನೆ.

ಕಾರ್ಡಿಫ್‌ನಲ್ಲಿ 34ನೆಯ ನಿಮಿಷ ವೇಲ್ಸ್‌ನ ಬೇಲ್ ಒದ್ದ ಚೆಂಡು ಉಕ್ರೇನಿನ ಯಾರ್ಮೊಲೆಂಕೊ ತಲೆಗೆ ತಗುಲಿ ಅವನದೇ ಗೋಲಿಗೆ ಹೋಯಿತು. ಪಾಪ, ತಡೆಯಲೆಂದೇ ಹಾರಿದವನು. ಉಳಿದ ಹೊತ್ತೆಲ್ಲ ಉಕ್ರೇನ್ ಮೇಲೇರಿ ಬಂದರೂ ವೇಲ್ಸ್ ಗೋಲ್‌ಕೀಪರ್ ಹೆನೆಸಿ ಬಿಡಲಿಲ್ಲ. 64 ವರ್ಷ ವಿಶ್ವಕಪ್‌ಗೆ ಕಾದ ವೇಲ್ಸ್‌ನವರ ಸಂತೋಷವೂ ನ್ಯಾಯವಾದದ್ದೇ. ಸೋತವರಿಗೆ ಅವರು ಎದ್ದು ಚಪ್ಪಾಳೆ ತಟ್ಟಿದರು. ರೆಫರಿಯದೂ ತಪ್ಪಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗ ಕೇಳಿದ್ದು ಗೋಲನ್ನಲ್ಲ. ಇಷ್ಟು ಕಳೆದುಕೊಂಡವರಿಗೆ ಯಾರಾದರೂ ಏನಾದರೂ ಬಿಟ್ಟುಕೊಡಬಹುದಿತ್ತಲ್ಲವೇ ಎಂದು ಕೇಳಿದ್ದ. ನಾನು ಅವನಿಗೆ ನಿಯಮ ಹೇಳಿದೆ. ಮೂರು ತಿಂಗಳಿಂದ ಅವನು ಹೋದ ಕಚೇರಿಗಳಲ್ಲೆಲ್ಲ, ಇಲ್ಲಿಯ ಕಾಲೇಜಿಗೆ ಸೇರಿಸಿಕೊಳ್ಳಲು ನಿಯಮವಿಲ್ಲ ಎಂದು ಕೇಳಿಸಿಕೊಂಡು ಬಂದಿರುವುದು ನನಗೆ ಹೊಳೆದದ್ದು ದೀಪ ಆರಿಸಿದ ಮೇಲೆ.

ಸೋಮವಾರ ಹತ್ತೂವರೆಗೆ ಅವನಿಗೆ ಆನ್‌ಲೈನ್ ತರಗತಿ ಇತ್ತು. ಚಹಾ ಕೊಡಲು ಹೋದೆ. ಫೋನಿನಲ್ಲಿ ಹಾರ್ಕಿವ್‌ನ ಅಧ್ಯಾಪಕಿ ಹೃದಯದ ಕವಾಟಗಳ ಬಗ್ಗೆ ಹೇಳುತ್ತಿದ್ದರು. ಹಿಂದಿನಿಂದ ಸೈರನ್ ಕೇಳಿಸಿತು, ಅವರು ಏನೋ ಹೇಳಿ ಎದ್ದು ಹೋದರು. ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಹುಡುಗ ನೋಟ್‌ಬುಕ್ ಮುಚ್ಚದೆ, ಪೆನ್ನು ಹಿಡಿದುಕೊಂಡೇ, ಅವರು ಬರುವವರೆಗೂ ಹಾಗೆಯೇ ಕುಳಿತಿದ್ದ.