ಸ್ಕ್ಯಾನ್ ರಿಪೋರ್ಟ್ ಹಸಿರು, ಮೀಟಿಂಗ್ ಮಾತ್ರ ಕೇಳಿಸ್ತಿಲ್ಲ

ವಿಡಿಯೋ ಕಾಲ್ ಆ್ಯಪ್ ಟೀಮಲ್ಲಿ ಟೆಸ್ಟಿಂಗ್ ನನ್ನ ಕೆಲ್ಸ. ಹೋದ ರಿಲೀಸಲ್ಲಿ ಆಗಿದ್ದು ಇನ್ನೂ ಚುಚ್ತಾ ಇದೆ.

ಮೊದ್ಲು ಹೋಸ್ಟ್ ಯಾರನ್ನಾದ್ರೂ ಮ್ಯೂಟ್ ಮಾಡಿದ್ರೆ ಸ್ಕ್ರೀನ್ ಮೇಲೆ ಒಂದು ಟೋಸ್ಟ್, ಅಂದ್ರೆ ಚಿಕ್ಕ ಸೂಚನೆ, ಬಂದು ಹೋಗ್ತಿತ್ತು ಅಷ್ಟೆ, ಸ್ಕ್ರೀನಲ್ಲಿರೋದನ್ನ ದನೀಲಿ ಓದಿ ಹೇಳೋ ಸ್ಕ್ರೀನ್ ರೀಡರ್ ಬಾಯೇ ಬಿಡ್ತಿರ್ಲಿಲ್ಲ, ಕಣ್ಣು ಕಾಣದೋರು ಮ್ಯೂಟಲ್ಲಿರೋದು ಗೊತ್ತಿಲ್ದೆ ಮಾತಾಡ್ತಾನೇ ಇರೋರು. ಇಂಥಾ ಸ್ಟೇಟಸ್ ಮೆಸೇಜ್ ಫೋಕಸ್ (ಬಳಸೋರು ಸ್ಕ್ರೀನಲ್ಲಿ ಇರೋ ಜಾಗ) ಕದಲಿಸ್ದೇನೇ ಸ್ಕ್ರೀನ್ ರೀಡರಿಗೆ ತಲುಪ್ಬೇಕು ಅಂತ ವೆಬ್ ಎಲ್ರಿಗೂ ಬಳಸೋಕಾಗ್ಬೇಕು ಅನ್ನೋ ಮಾರ್ಗಸೂಚಿ, 2018ರ ಡಬ್ಲ್ಯುಸಿಎಜಿ 2.1ರಲ್ಲೇ ಇದೆ. ಸರಿ ಮಾಡಿ ಅಂತ ಟಿಕೆಟ್ ಹಾಕ್ದೆ. ಅಕ್ಸೆಸಿಬಿಲಿಟಿಗೆ ನಮ್ಮಲ್ಲಿ ಸಿಗೋದು ಯಾವಾಗ್ಲೂ ಸ್ಪ್ರಿಂಟಿನ, ಅಂದ್ರೆ ಒಂದು ಸುತ್ತು ಕೆಲ್ಸದ, ಕೊನೇ ದಿನ, ಹಾಗಾಗಿ ಡೆವಲಪರ್ ಚಾಟು, ಯಾರು ಬಂದ್ರು ಯಾರು ಹೋದ್ರು, ಎಮೋಜಿ, ಕ್ಯಾಪ್ಷನ್, ಎಲ್ಲದಕ್ಕೂ ಆರಿಯಾ-ಲೈವ್ ಅಸರ್ಟಿವ್, ಅಂದ್ರೆ ಓದ್ತಿರೋದನ್ನ ತಡೆದು ತಕ್ಷಣ ಇದನ್ನ ಹೇಳು ಅಂತ ಸ್ಕ್ರೀನ್ ರೀಡರಿಗೆ ಕೋಡಲ್ಲಿ ಕೊಡೋ ಗುರುತು, ಹಾಕ್ಬಿಟ್ರು. ಎಲ್ಲಾನೂ ಓದಿ ಹೇಳಿದ್ರೆ ಒಳ್ಳೇದೇ ಅಲ್ವಾ ಅನ್ಕೊಂಡು ಪಾಸ್ ಕೊಟ್ಟೋಳು ನಾನೇ. ಯಾರೂ ಮಾತಾಡದ ಖಾಲಿ ಕಾಲಲ್ಲಿ ಟೆಸ್ಟ್ ಮಾಡಿದ್ದೆ.

ಡೆಮೋಗೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಬಳಸೋ ಒಬ್ರನ್ನ ಕರೆದಿದ್ವಿ. ಮ್ಯಾನೇಜರ್ ಮಾತು ಶುರು ಮಾಡಿದ್ರು, ಜನ ಒಬ್ಬೊಬ್ರೇ ಜಾಯಿನ್ ಆಗ್ತಾ ಚಾಟಲ್ಲಿ ನಮಸ್ಕಾರ ಹಾಕ್ತಾ ಇದ್ರು. ನಾವು ಕರೆದಿದ್ದೋರು "ಸರ್, ಇನ್ನೊಂದ್ಸಲ ಹೇಳ್ತೀರಾ?" ಅಂದ್ರು. ಹೇಳಿದ್ರು. ಮತ್ತೆ ಅದೇ ಪ್ರಶ್ನೆ. ಆಮೇಲೆ ಟೀಮಿನೋರೆಲ್ಲ ಸಹಾಯ ಮಾಡೋಣ ಅಂತ ಚಾಟಲ್ಲಿ "ಕೇಳಿಸ್ತಿದ್ಯಾ?" ಅಂತ ಟೈಪ್ ಮಾಡೋಕೆ ಶುರು ಮಾಡಿದ್ರು, ಒಂದೊಂದು ಮೆಸೇಜೂ ಅವ್ರ ಕಿವೀಲಿ ಮ್ಯಾನೇಜರ್ ಮಾತಿನ ಮೇಲೇ ಬಂದು ಬೀಳ್ತಿತ್ತು. "ನೆಟ್‌ವರ್ಕ್ ಪ್ರಾಬ್ಲಂ ಇರ್ಬೇಕು" ಅಂತ ಮ್ಯಾನೇಜರ್ ಸ್ಲೈಡ್ ಮುಂದಕ್ಕೆ ತಳ್ಳಿದ್ರು, ನಾನೂ ಹೌದೇನೋ ಅಂತ ಸುಮ್ನಿದ್ದೆ. ಕರೆದಿದ್ದೋರು ಕಾಲ್ ಬಿಟ್ಟು ಹೋದ್ರು.

ಆಮೇಲೆ ಅವ್ರಿಗೆ ಫೋನ್ ಮಾಡ್ದೆ. "ಮೇಡಂ, ಮೀಟಿಂಗೂ ಎನ್‌ವಿಡಿಎನೂ ಬರೋದು ಇದೇ ಕಿವಿಗೆ. ಮ್ಯಾನೇಜರ್ ಮಾತೂ ಬರುತ್ತೆ, ಅದೇ ಮಾತಿನ ಕ್ಯಾಪ್ಷನ್ನೂ ಓದುತ್ತೆ, ಯಾವ್ದು ಕೇಳ್ಲಿ?" ಅಂದ್ರು.

ಈಗ ಮ್ಯೂಟ್ ಮತ್ತೆ ರೆಕಾರ್ಡಿಂಗ್ ಶುರುವಾಗಿದ್ದು, ಇವೆರಡೇ ಅಸರ್ಟಿವ್. ಚಾಟ್ ಪೊಲೈಟ್, ಅಂದ್ರೆ ಸ್ಕ್ರೀನ್ ರೀಡರ್ ಓದ್ತಿರೋದನ್ನ ಮುಗಿಸ್ಕೊಂಡು ಹೇಳುತ್ತೆ, ಬೇಡ ಅಂದ್ರೆ ಆಫ್ ಮಾಡ್ಬೋದು. ಎಮೋಜಿ ಪೂರ್ತಿ ಮೌನ, ಯಾರ್ಯಾರಿದಾರೆ ಅನ್ನೋದು ಕೀ ಒತ್ತಿ ಕೇಳಿದ್ರೆ ಮಾತ್ರ. ಕ್ಯಾಪ್ಷನ್ ತಾನಾಗೇ ಓದಲ್ಲ. ಹಾಗಂತ ಸ್ಕ್ರೀನ್ ರೀಡರಿಂದ ಕ್ಯಾಪ್ಷನ್ ಮುಚ್ಚಿಡೋ ಹಾಗೂ ಇಲ್ಲ, ಕಣ್ಣೂ ಕಿವೀನೂ ಎರಡೂ ಇಲ್ದೋರು ಅದನ್ನ ಬ್ರೈಲ್ ಡಿಸ್ಪ್ಲೇಲಿ ಬೆರಳಲ್ಲಿ ಓದ್ತಾರೆ, ಅವ್ರಿಗೆ ಸಾಲು ಸಾಲಾಗಿ ಹಿಂದಕ್ಕೆ ಹೋಗಿ ನೋಡೋಕೆ ಮಾತೆಲ್ಲ ಬರಹದಲ್ಲಿ ಉಳಿಯೋ ಟ್ರಾನ್ಸ್‌ಕ್ರಿಪ್ಟ್ ಪ್ಯಾನಲ್ ಬೇಕೇ ಬೇಕು. ಆ ಪ್ಯಾನಲಿನ ಟಿಕೆಟ್ ಇನ್ನೂ ಬಾಕಿ ಕೆಲ್ಸದ ಪಟ್ಟಿ ಬ್ಯಾಕ್‌ಲಾಗಲ್ಲೇ ಇದೆ, ಕೋಡನ್ನ ತಾನಾಗೇ ಪರೀಕ್ಷಿಸೋ ಸ್ಕ್ಯಾನ್ ಟೂಲಲ್ಲಿ ಎರರ್ ಇಲ್ವಲ್ಲ ಅಂತಾರೆ. ಟೂಲ್ ಆರಿಯಾ-ಲೈವ್ ಥರದ ಆಟ್ರಿಬ್ಯೂಟ್ ಇದ್ಯಾ ಇಲ್ವಾ ನೋಡುತ್ತೆ, ಎರಡು ದನಿ ಡಿಕ್ಕಿ ಹೊಡೆಯೋದು ಅದಕ್ಕೆಲ್ಲಿ ಕೇಳಿಸುತ್ತೆ? ಈ ಸಲದ ಪ್ಲ್ಯಾನಿಂಗಲ್ಲಿ ಮೊದ್ಲು ಎತ್ತೋದು ಅದನ್ನೇ, ಆ ಪ್ಯಾನಲ್ ಬರೋವರ್ಗೂ ನಾನು ಸೈನ್-ಆಫ್ ಕೊಡಲ್ಲ.