ಬ್ಯಾಟರಿ ಇರುವಾಗ ಎರಡನೆಯ ಜನರೇಟರ್ ಏಕೆ?

ನಾನೇ ಕಟ್ಟಿದ ವಿಮಾನದ ಎಂಜಿನ್ ಹೊದಿಕೆಯನ್ನು ತೆಗೆದಾಗ ಹತ್ತಿರ ಬಂದು ನೋಡುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಮುಖ್ಯ ಜನರೇಟರ್, ಅಂದರೆ ಆಲ್ಟರ್ನೇಟರ್, ಕೆಟ್ಟರೆ ಇಳಿಯುವವರೆಗೆ ಬ್ಯಾಟರಿ ಸಾಲದೇ?

ಎಂಜಿನ್ ಓಡುವುದಕ್ಕೆ ವಿದ್ಯುತ್ ಬೇಕೋ ಬೇಡವೋ ಎಂಬುದರ ಮೇಲೆ ಉತ್ತರ ನಿಂತಿದೆ. ಎಂಜಿನ್ನಿನ ಇಂಧನಕ್ಕೆ ಕಿಡಿ ಹಚ್ಚುವ ಮ್ಯಾಗ್ನೆಟೊ ತನ್ನ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎರಡು ಮ್ಯಾಗ್ನೆಟೊ ಮತ್ತು ಕಾರ್ಬ್ಯುರೇಟರ್ ಇರುವ ಎಂಜಿನ್, ವಿಮಾನದಲ್ಲಿ ಒಂದು ದೀಪವೂ ಉರಿಯದಿದ್ದರೂ ಓಡುತ್ತಲೇ ಇರುತ್ತದೆ. ಅಂಥ ವಿಮಾನವನ್ನು ಹಗಲಿನಲ್ಲಿ, ನೆಲ ಕಾಣುವ ಹವೆಯಲ್ಲಿ ಮಾತ್ರ ಹಾರಿಸುವವರಿಗೆ ಒಳ್ಳೆಯ ಬ್ಯಾಟರಿಯೇ ಸಾಕು ಎಂದು ನಾನು ಹೇಳುತ್ತೇನೆ. ಆದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ವಿದ್ಯುತ್ ಇಂಧನ ಪಂಪನ್ನೇ ನಂಬಿರುವ ಎಂಜಿನ್‌ನಲ್ಲಿ ಬ್ಯಾಟರಿ ಬರಿದಾದ ಕ್ಷಣವೇ ಎಂಜಿನ್ ನಿಲ್ಲುವ ಕ್ಷಣ. ಅರ್ಧದಷ್ಟು ಶಕ್ತಿ ಕಳೆದುಕೊಂಡ ಹಳೆಯ ಬ್ಯಾಟರಿಯೂ ಬೆಳಿಗ್ಗೆ ಎಂಜಿನ್ನನ್ನು ಚೆನ್ನಾಗಿಯೇ ಸ್ಟಾರ್ಟ್ ಮಾಡುತ್ತದೆ. ಅದು ಇನ್ನೆಷ್ಟು ಹೊತ್ತು ಬರುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಚಿಕ್ಕ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ ಲೈಕಾಮಿಂಗ್ ಮಾದರಿಯ ಎಂಜಿನ್‌ಗಳಲ್ಲಿ ಎರಡನೆಯ ಜನರೇಟರಿಗೆ ಜಾಗ ಮೊದಲೇ ಇದೆ. ಎಂಜಿನ್ನಿನ ಹಿಂಬದಿಯಲ್ಲಿ ಹಳೆಯ ಬಗೆಯ ಗೈರೊ ಉಪಕರಣಗಳನ್ನು ನಡೆಸುವ ವ್ಯಾಕ್ಯೂಮ್ ಪಂಪ್ ಕೂರುವ ಪ್ಯಾಡ್ (ಜೋಡಣೆಯ ಜಾಗ) ಇದೆ, ಅದರ ಡ್ರೈವ್ ಕ್ರ್ಯಾಂಕ್‌ಶಾಫ್ಟಿನ 1.3 ಪಟ್ಟು ವೇಗದಲ್ಲಿ ತಿರುಗುತ್ತದೆ. ಎಲೆಕ್ಟ್ರಾನಿಕ್ ಉಪಕರಣಗಳನ್ನು ಹಾಕಿಕೊಂಡವರಿಗೆ ಆ ಪಂಪಿನ ಅಗತ್ಯವಿಲ್ಲ. ಮುಖ್ಯ ಆಲ್ಟರ್ನೇಟರ್ ಬೆಲ್ಟಿನಿಂದ ತಿರುಗುತ್ತದೆ, ಆ ಬೆಲ್ಟ್ ಬದಲಿಸಬೇಕಾದರೆ ಪ್ರೊಪೆಲ್ಲರನ್ನೇ ಬಿಚ್ಚಬೇಕು. ಪ್ಯಾಡ್ ಮೇಲಿನ ಜನರೇಟರಿಗೆ ಬೆಲ್ಟ್ ಇಲ್ಲ. ಒಂದು ಕೆಡುವ ಕಾರಣದಿಂದ ಇನ್ನೊಂದೂ ಕೆಡಬಾರದು ಎಂಬುದೇ ನನಗೆ ಇಲ್ಲಿ ಮುಖ್ಯ. ಆದ್ದರಿಂದ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್, ಸ್ವಿಚ್, ಫ್ಯೂಸ್, ಅರ್ಥಿಂಗ್ ತಂತಿ ಎಲ್ಲವೂ ಬೇರೆ ಬೇರೆಯಾಗಿರಬೇಕು. ಎರಡು ಆಲ್ಟರ್ನೇಟರ್ ಇಟ್ಟು ಎರಡನ್ನೂ ಒಂದೇ ಅರ್ಥಿಂಗ್ ಬೋಲ್ಟಿಗೆ ಕಟ್ಟಿದರೆ ತೂಕ ಹೆಚ್ಚಾಗುತ್ತದೆಯೇ ಹೊರತು ಭದ್ರತೆ ಹೆಚ್ಚುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಈ ಪ್ಯಾಡಿಗೆ 8 ಆಂಪಿಯರಿನ, ಕಾಯಂ ಅಯಸ್ಕಾಂತದ ಚಿಕ್ಕ ಜನರೇಟರೂ ಸಿಗುತ್ತದೆ, 20 ಆಂಪಿಯರಿನ ದೊಡ್ಡದೂ ಸಿಗುತ್ತದೆ. ಯಾವುದನ್ನು ಕೊಳ್ಳುವುದೆಂದು ಯೋಚಿಸುವ ಮೊದಲು, ಮುಖ್ಯ ಆಲ್ಟರ್ನೇಟರ್ ಹೋದ ಮೇಲೆ ಯಾವ ಯಾವ ಉಪಕರಣ ಓಡಲೇಬೇಕು, ಪ್ರತಿಯೊಂದೂ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಮೀಟರ್ ಹಿಡಿದು ಅಳೆದು ಬರೆದುಕೊಳ್ಳಬೇಕು. 14 ವೋಲ್ಟಿನಲ್ಲಿ 8 ಆಂಪಿಯರ್ ಎಂದರೆ ಕೇವಲ 112 ವ್ಯಾಟ್. ಅದೂ ಎಂಜಿನ್ ಕ್ರೂಸ್ ವೇಗದಲ್ಲಿ, ಅಂದರೆ ಸಮವಾಗಿ ಸಾಗುವ ಹಾರಾಟದ ವೇಗದಲ್ಲಿ, ಇರುವಾಗ, ಐಡಲ್‌ನಲ್ಲಿ ಅಷ್ಟು ಬರುವುದಿಲ್ಲ. ಬ್ಯಾಟರಿಯನ್ನು ಉಳಿದ ವೈರಿಂಗಿಗೆ ಸೇರಿಸುವ ದೊಡ್ಡ ರಿಲೇ ಸ್ವಿಚ್ ಆದ ಮಾಸ್ಟರ್ ಕಾಂಟ್ಯಾಕ್ಟರಿನ ಸುರುಳಿಯೊಂದೇ ಹೆಚ್ಚುಕಡಿಮೆ ಒಂದು ಆಂಪಿಯರ್ ತಿನ್ನುತ್ತದೆ. ಅದಕ್ಕಾಗಿಯೇ ಚಿಕ್ಕ ಜನರೇಟರನ್ನು ಕಾಂಟ್ಯಾಕ್ಟರಿನ ಬ್ಯಾಟರಿ ಬದಿಗೆ ಜೋಡಿಸಿ, ಅತ್ಯಗತ್ಯ ಉಪಕರಣಗಳಿಗೆ ವಿದ್ಯುತ್ ಹಂಚುವ ಪಟ್ಟಿಗೆ (ಬಸ್) ಬ್ಯಾಟರಿಯಿಂದ ನೇರವಾದ ಇನ್ನೊಂದು ದಾರಿ ಕೊಡುತ್ತಾರೆ. ಆಗ ಮಾಸ್ಟರನ್ನು ಆರಿಸಿದರೂ ಬೇಕಾದದ್ದು ಓಡುತ್ತದೆ.

ಕಾಯಂ ಅಯಸ್ಕಾಂತದ ಜನರೇಟರಿಗೆ ಫೀಲ್ಡ್ ಸುರುಳಿ, ಅಂದರೆ ವಿದ್ಯುತ್ ಹರಿಸಿದಾಗ ಮಾತ್ರ ಅಯಸ್ಕಾಂತವಾಗುವ ಸುರುಳಿ, ಇಲ್ಲ, ಆದ್ದರಿಂದ ಎಂಜಿನ್ ತಿರುಗುವಷ್ಟು ಹೊತ್ತೂ ಅದನ್ನು ಆರಿಸಲು ಬರುವುದಿಲ್ಲ. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ ತಂತಿಯ ದಾರಿಯನ್ನೇ ಕಡಿಯುವ ರಿಲೇ ಮತ್ತು ಅದನ್ನು ಬೀಳಿಸುವ ಓವರ್‌ವೋಲ್ಟೇಜ್ ರಕ್ಷಣೆ ಇರಲೇಬೇಕು. ಲಿಥಿಯಂ ಬ್ಯಾಟರಿ ಇದ್ದರಂತೂ ಇದರಲ್ಲಿ ರಾಜಿಯಿಲ್ಲ.

ಜೋಡಿಸುವ ಕೆಲಸ ಕಾಗದದ ಮೇಲೆ ನಾಲ್ಕು ನಟ್‌ಗಳದ್ದು. ಮೇಲಿನ ನಟ್‌ಗಳಿಗೆ ಕೈಯೂ ತಲುಪುವುದಿಲ್ಲ, ಸ್ಪ್ಯಾನರೂ ತಿರುಗುವುದಿಲ್ಲ. ನಾನು ಒಂದು ಸ್ಪ್ಯಾನರನ್ನು ಅರೆದು ಮೊಟಕು ಮಾಡಿಕೊಂಡೆ, ಆದರೂ ಒಂದು ಸಂಜೆ ಪೂರ್ತಿ ಹಿಡಿಯಿತು. ಕೊಳ್ಳುವ ಮೊದಲೇ ಪ್ಯಾಡಿನ ಮುಚ್ಚಳ ತೆಗೆದು ಒಳಗೆ ಡ್ರೈವ್ ಗೇರ್ ಇದೆಯೇ ಎಂದು ನೋಡಬೇಕು, ಏಕೆಂದರೆ ಕೆಲವು ಎಂಜಿನ್‌ಗಳಲ್ಲಿ ಪ್ಯಾಡ್ ಮಾತ್ರ ಇರುತ್ತದೆ. ಎಂಜಿನ್ ಮೌಂಟ್, ಎಂಜಿನ್ ಹಿಂದಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲ್, ಆಯಿಲ್ ಫಿಲ್ಟರ್‌ಗಳಿಗೆ ಅಂತರವನ್ನು ಅಳೆಯುವಾಗ ರಬ್ಬರ್ ಬುಷ್‌ಗಳ ಮೇಲೆ ಎಂಜಿನ್ ಅಲುಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಓಟದ ನಂತರ ಗ್ಯಾಸ್ಕೆಟ್ ಸುತ್ತ ಆಯಿಲ್ ಒಸರಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿದ್ದೆ.

ಈಗ ಪ್ರತಿ ಹಾರಾಟಕ್ಕೂ ಮೊದಲು ನೆಲದ ಮೇಲೆ ಎಂಜಿನ್ ಓಡಿಸಿ ಪರೀಕ್ಷಿಸುವ ರನ್‌ಅಪ್‌ನಲ್ಲಿ ಮುಖ್ಯ ಆಲ್ಟರ್ನೇಟರನ್ನು ಆರಿಸಿ, ಅತ್ಯಗತ್ಯ ಹೊರೆಯನ್ನಷ್ಟೇ ಉಳಿಸಿ, ವೋಲ್ಟ್‌ಮೀಟರ್ 13ರ ಮೇಲೆ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ನಿಲ್ಲದಿದ್ದರೆ ಹೊದಿಕೆ ಮತ್ತೆ ಬಿಚ್ಚುತ್ತೇನೆ.