ಪೆಟ್ಟು ಬೀಳುತ್ತೆ ಅಂತ ಗೊತ್ತಿರಲಿಲ್ವಾ?

ನಾನು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಇಲ್ಲಿ ಭಾನುವಾರ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೀಲರ್ಸ್ ಆಟ ಇದ್ದರೆ ಬೀದಿಯೆಲ್ಲ ಖಾಲಿ. ನನಗೂ ಆ ಹುಚ್ಚು ಹತ್ತಿದೆ. ಅದು ಗೊತ್ತಿರುವ ಸ್ನೇಹಿತರು, ನೆಂಟರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೋದ ಸಲ ಕೇಳಿದ್ದು ತಿಪಟೂರಿನ ನಮ್ಮ ಚಿಕ್ಕಪ್ಪ. "ಅಲ್ಲ ಕಣೋ, ಕೋಟಿಗಟ್ಟಲೆ ದುಡ್ಡು ತಗೊಂಡು ಆಡಿದೋರು. ತಲೆಗೆ ಪೆಟ್ಟು ಬೀಳುತ್ತೆ ಅಂತ ಗೊತ್ತಿರಲಿಲ್ವಾ? ವಯಸ್ಸಾದ ಮೇಲೆ ಕೋರ್ಟಿಗೆ ಹೋಗಿ ಪರಿಹಾರ ಕೊಡಿ ಅನ್ನೋದು ಯಾವ ನ್ಯಾಯ?"

ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡೋದು, ಓಡುವವನ ಮೈಮೇಲೆ ಬಿದ್ದು ಕೆಡವೋದು. ಮಂಡಿ ಹೋಗುತ್ತೆ, ಭುಜ ಕಳಚುತ್ತೆ, ಬೆರಳು ಮುರಿಯುತ್ತೆ. ಅದೆಲ್ಲ ಆಟಗಾರರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಂಡಿ, ಭುಜಕ್ಕೆ ಅವರು ಈ ಕೇಸು ಹಾಕಲಿಲ್ಲ. ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಈ ಆಟ ನಡೆಸುವ ಲೀಗ್‌ಗೆ, ಅಂದರೆ ಎನ್‌ಎಫ್‌ಎಲ್‌ಗೆ, ಗೊತ್ತಿದ್ದದ್ದನ್ನು ತಮಗೆ ಹೇಳಲಿಲ್ಲ, ಬದಲಿಗೆ ಏನೂ ಆಗಲ್ಲ ಅಂತ ನಂಬಿಸಿತು ಅನ್ನೋದು ಅವರ ದೂರು.

ಚಿಕ್ಕಪ್ಪನದು ಕೊಬ್ಬರಿ ವ್ಯಾಪಾರ. ಹಾಗಾಗಿ ಒಂದು ವಿಷಯ ಸುಲಭವಾಗಿ ತಿಳಿಸಿದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತೆ. ಚಿಪ್ಪಿಗೆ ಏನೂ ಆಗಿರಲ್ಲ, ಒಳಗಿನದು ಮಾತ್ರ ಅತ್ತಿತ್ತ ಬಡಿಯುತ್ತಿರುತ್ತೆ. ಮಿದುಳು ಅಷ್ಟು ಸಡಿಲವಾಗಿ ಇರಲ್ಲ, ಅದರ ಸುತ್ತ ನೀರಿನಂಥ ದ್ರವ ಇದೆ. ಆದರೂ ಜೋರಾಗಿ ಡಿಕ್ಕಿ ಹೊಡೆದಾಗ ಅದೂ ಒಳಗೇ ಅಲುಗುತ್ತೆ, ಹಿಂಜುತ್ತೆ. ಹೆಲ್ಮೆಟ್ ಚಿಪ್ಪು ಒಡೆಯದ ಹಾಗೆ ಕಾಯುತ್ತೆ. ಒಳಗಿನ ಕೊಬ್ಬರಿಯನ್ನು ಕಾಯೋಕೆ ಅದರಿಂದ ಆಗಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಮೈಕ್ ವೆಬ್‌ಸ್ಟರ್. ಸ್ಟೀಲರ್ಸ್ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದಾಗ ತಂಡದಲ್ಲಿದ್ದ ಸೆಂಟರ್. ಸೆಂಟರ್ ಅಂದರೆ ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಿನವನಿಗೆ ತಲೆ ಕೊಡಬೇಕಾದವನು. ಪ್ರಜ್ಞೆ ತಪ್ಪಿಸುವ ಏಟುಗಳು ಇರಲಿ, ಇಂಥ ಸಣ್ಣ ಡಿಕ್ಕಿಗಳೇ ಒಂದು ಪಂದ್ಯದಲ್ಲಿ ಎಷ್ಟೋ. ಅವರು ಹದಿನೇಳು ಸೀಸನ್ ಆಡಿದರು. ನಿವೃತ್ತಿಯಾದ ಮೇಲೆ ನೆನಪು ಹೋಯ್ತು, ಸಿಟ್ಟು ಜಾಸ್ತಿಯಾಯ್ತು, ಸಂಸಾರ ಮುರೀತು. ತಮ್ಮ ಟ್ರಕ್ಕಿನಲ್ಲೇ ಮಲಗುತ್ತಿದ್ದ ದಿನಗಳೂ ಇದ್ದವು. 2002ರಲ್ಲಿ, ಐವತ್ತನೇ ವಯಸ್ಸಿಗೆ ತೀರಿಕೊಂಡರು.

ಮರಣೋತ್ತರ ಪರೀಕ್ಷೆ ಮಾಡಿದವರು ಬೆನೆಟ್ ಒಮಾಲು. ನೈಜೀರಿಯಾದಿಂದ ಬಂದ ಡಾಕ್ಟರು. ಹೊರಗಿನಿಂದ ನೋಡಿದರೆ ಮಿದುಳು ಸರಿಯಾಗೇ ಇತ್ತು. ಅವರು ಅಷ್ಟಕ್ಕೇ ಬಿಡದೆ, ಕೈಯಿಂದ ದುಡ್ಡು ಹಾಕಿ, ತೆಳುವಾದ ಸೀಳುಗಳನ್ನು ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟಾವ್ ಅನ್ನುವ ಪ್ರೋಟೀನು ಇರಬಾರದ ಕಡೆ ಗಂಟು ಕಟ್ಟಿತ್ತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಈ ಮಿದುಳಿನ ಕಾಯಿಲೆಗೆ ಚಿಕ್ಕದಾಗಿ ಸಿಟಿಇ ಅನ್ನುತ್ತಾರೆ. ಅಂಥ ಗಂಟು ಬಾಕ್ಸಿಂಗ್ ಆಡಿದವರಲ್ಲಿ ಕಂಡದ್ದು ಮೊದಲೇ ಗೊತ್ತಿತ್ತು. 2005ರಲ್ಲಿ ಅವರ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎನ್‌ಎಫ್‌ಎಲ್ ಸಮಿತಿಯ ಡಾಕ್ಟರುಗಳು ಏನು ಮಾಡಿದರು ಗೊತ್ತಾ? ಆ ಲೇಖನವನ್ನು ವಾಪಸ್ ತಗೊಳ್ಳಿ ಅಂತ ಪತ್ರ ಬರೆದರು.

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಈ ಸಮಿತಿಯಲ್ಲೇ ಇದೆ. ತಲೆಪೆಟ್ಟಿನ ಬಗ್ಗೆ ಅಧ್ಯಯನ ಮಾಡೋಕೆ ಅಂತ ಎನ್‌ಎಫ್‌ಎಲ್ 1994ರಲ್ಲಿ ಇದನ್ನು ಕಟ್ಟಿತು. ಮುಖ್ಯಸ್ಥರಾಗಿ ಕೂತವರು ಮಿದುಳಿನ ತಜ್ಞರಲ್ಲ, ಕೀಲುನೋವಿನ ಡಾಕ್ಟರು. ತಲೆಪೆಟ್ಟಿನಿಂದ ಆಟಗಾರರಿಗೆ ಬಹುಕಾಲದ ತೊಂದರೆ ಕಾಣುತ್ತಿಲ್ಲ ಅಂತ ಆ ಸಮಿತಿ ಲೇಖನದ ಮೇಲೆ ಲೇಖನ ಬರೆಯಿತು. ಪೆಟ್ಟು ತಿಂದವನು ಅದೇ ಪಂದ್ಯದಲ್ಲಿ ಮತ್ತೆ ಆಡಿದರೂ ದೊಡ್ಡ ಅಪಾಯವಿಲ್ಲ ಅಂತಲೂ ಬರೆಯಿತು. 2007ರಲ್ಲಿ ಲೀಗ್ ಆಟಗಾರರ ಕೈಗೆ ಒಂದು ಕರಪತ್ರ ಕೊಟ್ಟಿತು. ಸರಿಯಾಗಿ ನೋಡಿಕೊಂಡರೆ ಒಂದೆರಡಕ್ಕಿಂತ ಜಾಸ್ತಿ ಸಲ ಪೆಟ್ಟಾದರೂ ಶಾಶ್ವತ ತೊಂದರೆ ಆಗುತ್ತೆ ಅಂತ ಸಂಶೋಧನೆ ತೋರಿಸಿಲ್ಲ ಅನ್ನೋದು ಅದರ ಸಾರ. ಆದರೆ ಅದೇ ಲೀಗಿನ ನಿವೃತ್ತಿ ನಿಧಿಯ ಮಂಡಳಿ 1999ರಲ್ಲೇ ವೆಬ್‌ಸ್ಟರ್ ಪೂರ್ತಿ ಅಶಕ್ತರು ಅಂತ ಒಪ್ಪಿತ್ತು. ಅದಕ್ಕೆ ಕಾರಣ ಫುಟ್‌ಬಾಲಿನಲ್ಲಿ ತಲೆಗೆ ಬಿದ್ದ ಪೆಟ್ಟು ಅಂತಲೂ ಒಪ್ಪಿತ್ತು! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಹೇಳಿ. ಇಪ್ಪತ್ತೆರಡು ವರ್ಷದ ಹುಡುಗ. ತಲೆ ತಿರುಗುತ್ತಿದೆ. ಡಾಕ್ಟರೇ ಏನಾಗಲ್ಲ, ಹೋಗು ಅಂದರೆ ಅವನು ಯಾರ ಮಾತು ನಂಬಬೇಕು?

2011ರಲ್ಲಿ ಕೇಸುಗಳು ಶುರುವಾದವು. ಆ ವರ್ಷವೇ ಡೇವ್ ಡ್ಯುಯರ್‌ಸನ್ ಅನ್ನುವ ಮಾಜಿ ಆಟಗಾರ ಎದೆಗೆ ಗುಂಡು ಹಾರಿಸಿಕೊಂಡು ಸತ್ತರು. ತಮ್ಮ ಮಿದುಳನ್ನು ಪರೀಕ್ಷೆಗೆ ಕೊಡಿ ಅಂತ ಬರೆದಿಟ್ಟಿದ್ದರು. ಪರೀಕ್ಷೆಯಲ್ಲಿ ಸಿಟಿಇ ಕಂಡಿತು. ಕೇಸುಗಳೆಲ್ಲ ಫಿಲಡೆಲ್ಫಿಯಾದಲ್ಲಿ ನ್ಯಾಯಾಧೀಶೆ ಅನಿತಾ ಬ್ರೋಡಿ ಅವರ ಮುಂದೆ ಒಂದಾದವು. ಹಾಕಿದವರು 4,500ಕ್ಕೂ ಹೆಚ್ಚು ಜನ. ಇದು ಕಾರ್ಮಿಕ ಒಪ್ಪಂದದ ವಿಷಯ, ಕೋರ್ಟಿಗೆ ಬರುವ ಹಾಗೇ ಇಲ್ಲ ಅಂತ ಎನ್‌ಎಫ್‌ಎಲ್ ವಾದ ಹೂಡಿತು. ಆ ವಾದ ಗೆದ್ದರೆ ಆಟಗಾರರಿಗೆ ಏನೂ ಸಿಗುತ್ತಿರಲಿಲ್ಲ. 2013ರ ಆಗಸ್ಟ್‌ನಲ್ಲಿ 76.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಇಷ್ಟು ಹಣ ಸಾಲುತ್ತಾ ಅಂತ ಬ್ರೋಡಿ ಅವರೇ ಅನುಮಾನಪಟ್ಟು ತಡೆದರು. ಆಮೇಲೆ ಮಿತಿ ತೆಗೆದು 2015ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟರು. ಇಲ್ಲಿವರೆಗೆ ಕೊಟ್ಟಿರುವುದು 100 ಕೋಟಿ ಡಾಲರ್ ದಾಟಿದೆ.

ಇದರ ಜೊತೆಗೆ ಇನ್ನೊಂದು ನಡೆಯಿತು. ರಾಜಿಯಾದ್ದರಿಂದ ಯಾರಿಗೆ ಯಾವಾಗ ಏನು ಗೊತ್ತಿತ್ತು ಅನ್ನೋದು ಕೋರ್ಟಿನ ಕಟಕಟೆಯಲ್ಲಿ ಪ್ರಮಾಣ ಮಾಡಿ ಹೊರಬರಲೇ ಇಲ್ಲ. ಎನ್‌ಎಫ್‌ಎಲ್ ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ. ಎಷ್ಟೋ ಕುಟುಂಬಗಳಿಗೆ ದುಡ್ಡಿಗಿಂತ ಅದೇ ಬೇಕಿತ್ತು.

"ಸರಿ, ದುಡ್ಡಾದರೂ ಸಿಕ್ತಲ್ಲ" ಅಂದರು ಚಿಕ್ಕಪ್ಪ. ಸುಮ್ನೆ ಸಿಗಲ್ಲ. ನರಗಳು ಸೋತು ಮೈಯೆಲ್ಲ ಕೈಕೊಡುವ ಎಎಲ್‌ಎಸ್ ಬಂದರೆ ಹೆಚ್ಚೆಂದರೆ 50 ಲಕ್ಷ ಡಾಲರ್, ಅಲ್‌ಜೈಮರ್ಸ್, ಪಾರ್ಕಿನ್‌ಸನ್‌ಗೆ 35 ಲಕ್ಷ. ವಯಸ್ಸಾದ ಮೇಲೆ ಕಾಯಿಲೆ ಗೊತ್ತಾದರೆ ಇಳಿಯುತ್ತಾ ಹೋಗುತ್ತೆ. ಐದು ಸೀಸನ್‌ಗಿಂತ ಕಡಿಮೆ ಆಡಿದ್ದರೆ ಇನ್ನೂ ಕಡಿತ. ಸಿಟಿಇಯನ್ನು ಖಚಿತವಾಗಿ ಹೇಳೋಕಾಗೋದು ಸತ್ತ ಮೇಲೆ, ಮಿದುಳು ತೆರೆದು ನೋಡಿದಾಗ ಮಾತ್ರ. ಆದರೆ 2015ರ ಏಪ್ರಿಲ್ 22ರ ನಂತರ ಸತ್ತವರಿಗೆ ಸಿಟಿಇ ಇತ್ತು ಅಂತ ಹೇಳಿ ಪರಿಹಾರ ಕೇಳುವಂತಿಲ್ಲ. ಎಲ್ಲಕ್ಕೂ ಮೂಲವಾದ ಕಾಯಿಲೆಗೇ ಆ ದಿನದಿಂದ ಬಾಗಿಲು ಹಾಕಿದ ಹಾಗಾಯ್ತು ಅಲ್ವಾ?

ಇನ್ನು ಮರೆವಿನ ಕಾಯಿಲೆ. ಪರಿಹಾರಕ್ಕೆ ಇದನ್ನು ಅಳೆಯೋದು ಬುದ್ಧಿಶಕ್ತಿಯ ಪರೀಕ್ಷೆಯ ಅಂಕದಿಂದ. ಇದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ ದಿನ ಡಾಕ್ಟರು ಬಿಳಿ ಹಾಳೆ ಕೊಟ್ಟು, ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಅಪ್ಪ ನಿಧಾನವಾಗಿ ಒಂದು ವೃತ್ತ ಬರೆದರು. ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ಒತ್ತೊತ್ತಾಗಿ ತುಂಬಿದರು. ಮುಳ್ಳು ಹಾಕೋಕೆ ಹೋಗಿ ಪೆನ್ನು ಹಾಗೇ ನಿಂತಿತು. ನನ್ನ ಮುಖ ನೋಡಿದರು. ಮೂಟೆಗಟ್ಟಲೆ ಕೊಬ್ಬರಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಮನುಷ್ಯ. ಡಾಕ್ಟರು ಅಂಕ ಹಾಕುವ ಮೊದಲು ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ ಅಂತ ಕೇಳಿದರು. ನಾಲ್ಕು ಅಂದೆ. ಕಡಿಮೆ ಓದಿದವರನ್ನು ಜಾಸ್ತಿ ಓದಿದವರ ಜೊತೆ ಹೋಲಿಸಿದರೆ ತಪ್ಪು ಉತ್ತರ ಬರುತ್ತೆ, ಅದಕ್ಕೆ ಅಂದರು. ಅದು ಸರಿಯಾದ ಮಾತು.

ಎನ್‌ಎಫ್‌ಎಲ್ ರಾಜಿಯ ಪರೀಕ್ಷೆಗಳಲ್ಲಿ ಮೈಬಣ್ಣವನ್ನೂ ಲೆಕ್ಕಕ್ಕೆ ತಗೊಳ್ಳುತ್ತಿದ್ದರು. ಕಪ್ಪು ಆಟಗಾರನ ಬುದ್ಧಿಶಕ್ತಿ ಮೊದಲೇ ಬಿಳಿಯನಿಗಿಂತ ಕಡಿಮೆ ಇತ್ತು ಅಂತ ಊಹಿಸಿಕೊಂಡು ಅಂಕ ತಿದ್ದುವುದು. ಇಬ್ಬರೂ ಒಂದೇ ಅಂಕ ತಗೊಂಡರೂ, ಬಿಳಿಯನಿಗೆ ಮರೆವಿನ ಕಾಯಿಲೆ, ಕಪ್ಪು ಮನುಷ್ಯನಿಗೆ 'ಇವನು ಇದ್ದದ್ದೇ ಹೀಗೆ'. ನಿವೃತ್ತ ಆಟಗಾರರಲ್ಲಿ ಹೆಚ್ಚಿನವರು ಕಪ್ಪು ಜನ. ಸ್ಟೀಲರ್ಸ್‌ಗೆ ಆಡಿದ್ದ ಕೆವಿನ್ ಹೆನ್ರಿ, ನಾಜೆ ಡ್ಯಾವನ್‌ಪೋರ್ಟ್ 2020ರಲ್ಲಿ ಇದರ ವಿರುದ್ಧ ಕೋರ್ಟಿಗೆ ಹೋದರು. ಡ್ಯಾವನ್‌ಪೋರ್ಟ್‌ಗೆ ಪರಿಹಾರ ಸಿಗುವಂಥ ಕಾಯಿಲೆ ಇದೆ ಅಂತ ಡಾಕ್ಟರು ಬರೆದಾಗಿತ್ತು. ಬಣ್ಣದ ತಿದ್ದುಪಡಿ ಮಾಡಿಲ್ಲ ಅಂತ ಎನ್‌ಎಫ್‌ಎಲ್ ಮೇಲ್ಮನವಿ ಹಾಕಿತು. ಮತ್ತೆ ಲೆಕ್ಕ ಹಾಕಿದಾಗ ಅವರು ಅರ್ಹರೇ ಅಲ್ಲ ಅಂತಾಯ್ತು. ಆಟಗಾರರ ಹೆಂಡತಿಯರು ಸಾವಿರಾರು ಸಹಿ ಕೂಡಿಸಿದರು, ಪತ್ರಿಕೆಗಳು ಬರೆದವು. 2021ರ ಜೂನ್‌ನಲ್ಲಿ ಇದನ್ನು ನಿಲ್ಲಿಸುತ್ತೇವೆ ಅಂತ ಎನ್‌ಎಫ್‌ಎಲ್ ಹೇಳಿತು. 2022ರ ಮಾರ್ಚ್‌ನಲ್ಲಿ ಹೊಸ ನಿಯಮಕ್ಕೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಬಣ್ಣ ಬಿಟ್ಟು ಮತ್ತೆ ಅಂಕ ಹಾಕಿದಾಗ ನೂರಾರು ಜನರ ಅರ್ಜಿ ತೇರ್ಗಡೆಯಾಯಿತು.

ಇದು ಬರೀ ಅಮೆರಿಕದ ಒರಟು ಆಟದ ಕಥೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಜೆಫ್ ಆಸ್ಟಲ್ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆಯುವುದರಲ್ಲಿ ಹೆಸರಾಗಿದ್ದ ಕಾಲ್ಚೆಂಡಿನ ಆಟಗಾರ. ಅವರು ಸತ್ತದ್ದೂ 2002ರಲ್ಲೇ, ಐವತ್ತೊಂಬತ್ತಕ್ಕೆ. ಸಾವಿನ ತನಿಖೆ ಮಾಡಿದ ಅಧಿಕಾರಿ ಕಸುಬಿನಿಂದ ಬಂದ ಕಾಯಿಲೆ ಅಂತ ತೀರ್ಪು ಕೊಟ್ಟರು. ಗಣಿಯಲ್ಲಿ ದೂಳು ಕುಡಿದು ಸಾಯುವ ಕೂಲಿಗೆ ಬರೆಯುವಂಥ ಮಾತು ಅದು.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಆಡ್ತಾ ಇರೋ ಹುಡುಗರಿಗೆ?" ಅಂದರು. 2014ರ ಜುಲೈ 7ಕ್ಕೆ ಮೊದಲು ನಿವೃತ್ತರಾದವರಿಗೆ ಮಾತ್ರ ಈ ರಾಜಿ ಅಂದೆ. ಮುಂದಿನ ಭಾನುವಾರ ನಾನು ನೋಡುವ ಆಟದಲ್ಲಿ ಇರುವ ಯಾರೂ ಇದರಲ್ಲಿ ಬರಲ್ಲ.